ಬಾಗಿನದ ಮೀನು

ಮರಳವಾಡಿ
18 ಜನವರಿ 2006

ತಮ್ಮ ಲೋಕೇಶನಿಗೆ ಅಕ್ಕ ಚಿನ್ನಮ್ಮ ಬರೆಯುವುದು.

ನೀನು ನನ್ನ ಮೀನನ್ನು ಡ್ರಮ್ಮಿಗೆ ತುಂಬಿ ಜೀಪಿನ ಹಿಂದೆ ಕಟ್ಟಿಕೊಂಡು ಹೋದಾಗಿನಿಂದ ನನಗೆ ಕಟ್ಟೆಯ ಕಡೆ ಹೋಗಲು ಮನಸ್ಸೇ ಇಲ್ಲ. ನೀರೆಲ್ಲ ಬಸಿದು ಕೆಸರು ಮಾತ್ರ ಉಳಿದಿದೆ. ಕೈಗಾರಿಕಾ ಪ್ರದೇಶದ ರಸ್ತೆಯವರು ಏರಿ ಒಡೆದಾಯಿತು. ಮಳೆಗಾಲದೊಳಗೆ ಮತ್ತೆ ಕಟ್ಟಿಕೊಡುತ್ತೇವೆ ಎಂದು ನಿಮ್ಮ ಭಾವನಿಗೆ ಮಾತು ಕೊಟ್ಟಿದ್ದಾರೆ. ಹಿಪ್ಪುನೇರಳೆ ತೋಟವೂ ರಸ್ತೆಗೆ ಹೋಯಿತು. ಇನ್ನು ಗೂಡು ಹೊತ್ತು ರಾಮನಗರಕ್ಕೆ ಹೋಗುವ ಕೆಲಸವಿಲ್ಲ. ಬರುವಾಗ ಖತೀಜಾ ಮನೆಯಲ್ಲಿ ಟೀ ಕುಡಿದು, ಅವರು ನೂಲು ಬಿಚ್ಚಿ ಬಿಸಾಡುವ ರೇಷ್ಮೆ ಹುಳುವನ್ನು ಮೀನಿಗೆಂದು ಚೀಲ ತುಂಬಿ ತರುತ್ತಿದ್ದೆನಲ್ಲ, ಅದೂ ಇಲ್ಲ.

ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಹೂಂ’ ಅಂದುಬಿಟ್ಟರೆ ಮಾತು ಮುಗಿಯುತ್ತದೆ. ಕಾಗದಕ್ಕೆ ಹೂಂ ಅಂದರೆ ನಡೆಯುವುದಿಲ್ಲ.

ಆ ಗೆಂಡೆಗಳು ನಿನ್ನ ಮೀನುಮರಿ ಕೇಂದ್ರದವರಿಗೆ ಬರೀ ಮೀನು. ನಾನು ಮದುವೆಯಾಗಿ ಬರುವಾಗ ಅಪ್ಪ ಅವನ್ನು ಗುಡೇಮಾರನಹಳ್ಳಿಯ ನಮ್ಮ ಕಟ್ಟೆಯಿಂದ ಹಿಡಿದು ಹಿತ್ತಾಳೆ ಕೊಡಕ್ಕೆ ಹಾಕಿ, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ನನ್ನ ಮಡಿಲಲ್ಲಿ ಇಟ್ಟಿದ್ದ. ಬಸ್ಸಿನಲ್ಲಿ ನೀರು ತುಳುಕಿ ಧಾರೆ ಸೀರೆಯೆಲ್ಲ ನೆನೆದಿತ್ತು. ಕಿಟಕಿ ಪಕ್ಕ ಕೂತು ನಗುತ್ತಿದ್ದವನು ನೀನು. ನಮ್ಮತ್ತೆ ಬೋರಮ್ಮ ಹೊಸ್ತಿಲಲ್ಲೇ, “ಸೊಸೆ ಜತೇಲಿ ಸಾರಿಗೂ ಬಂದೈತೆ” ಅಂದರು. ಅವರ ಸಾರಿಗೆ ಸಿಗದಂತೆ ಅದೇ ಸಂಜೆ ಕಟ್ಟೆಗೆ ಬಿಟ್ಟೆ.

ಅಪ್ಪ ಹೋದ ಮೇಲೆ ನಾವಿಬ್ಬರೂ ಸಹಿ ಹಾಕಿ ಊರಿನ ಜಮೀನು ಕೊಟ್ಟೆವು. ಅಪ್ಪನ ಕಟ್ಟೆಯನ್ನು ಗ್ರಾನೈಟ್ ಫ್ಯಾಕ್ಟರಿಯವರು ಕಲ್ಲುಪುಡಿ ಸುರಿದು ಮುಚ್ಚಿದರು. ತವರು ಅಂತ ನನಗೆ ಉಳಿದಿರುವುದು ನೀನು, ಆಮೇಲೆ ಆ ಮೀನು. ಬೇರೆ ಮೀನಿನ ಜೊತೆ ಬೆರೆಸಬೇಡ. ಏರಿ ಕಟ್ಟಿದ ಮೇಲೆ ಅವನ್ನೇ ತಂದುಕೊಡು.

ನಿನ್ನ ಅಕ್ಕ
ಚಿನ್ನಮ್ಮ

ದಾವಣಗೆರೆ
9 ಮಾರ್ಚ್ 2006

ಅಕ್ಕನಿಗೆ ನಮಸ್ಕಾರ.

ಹೂಂ. (ಇದು ನಗಲಿ ಎಂದು ಬರೆದದ್ದು, ಕೋಪ ಬೇಡ.)

ನಿನ್ನ ಮೀನು ಚೆನ್ನಾಗಿವೆ. ಅವಕ್ಕೇ ಒಂದು ಕೊಳ ಬಿಡಿಸಿಕೊಟ್ಟಿದ್ದೇನೆ. ನಮ್ಮ ಸಾಹೇಬರು ಅವನ್ನು ‘ಕುಳ್ಳ ಗೆಂಡೆ’ ಅನ್ನುತ್ತಾರೆ.

ಕೈಯುದ್ದ ಬೆಳೆಯುವ ಮೊದಲೇ ಇವು ಯಾಕೆ ಬಸಿರಾಗುತ್ತವೆ ಎಂದು ನೀನು ಯಾವಾಗಲೂ ಕೇಳುತ್ತಿದ್ದೆ. ಅದಕ್ಕೆ ಇಲ್ಲಿ ಉತ್ತರ ಸಿಕ್ಕಿತು. ನಮ್ಮ ಕಡೆಯ ಕಟ್ಟೆ ಬೇಸಿಗೆಯಲ್ಲಿ ಕಾಯುತ್ತದೆ, ನೀರು ಮೊಣಕಾಲಿಗೆ ಇಳಿಯುತ್ತದೆ. ದೊಡ್ಡದಾಗಿ ಬೆಳೆದ ಮೇಲೆ ಮೊಟ್ಟೆ ಇಡುವ ಮೀನು ಅಲ್ಲಿ ಮರಿ ಬಿಡುವ ಮೊದಲೇ ಸಾಯುತ್ತದೆ. ಅವಸರದಲ್ಲಿ ಮೊಟ್ಟೆ ಇಟ್ಟದ್ದರ ಮರಿ ಉಳಿಯುತ್ತದೆ, ಆ ಮರಿಗೂ ತಾಯಿಯ ಅವಸರವೇ ಬರುತ್ತದೆ. ತಲೆಮಾರಿನ ಮೇಲೆ ತಲೆಮಾರು ಹೀಗೇ ಆಗಿ ಆ ಗುಣ ರಕ್ತಕ್ಕಿಳಿದಿದೆ. ಬಿಸಿ ತಡೆಯುವುದೂ ಹಾಗೆಯೇ.

ಪಕ್ಕದ ಕೊಳದಲ್ಲಿ ಹಿಮ ಬೀಳುವ ದೇಶದ ನದಿಯಿಂದ ಬಂದ ಗೆಂಡೆ ಇದೆ. ಜಾತಿ ಒಂದೇ, ತಳಿ ಬೇರೆ. ಅಲ್ಲಿ ಚಳಿಗಾಲ ಉದ್ದ. ಅದಕ್ಕೆ ಆ ಮೀನು ಮೊದಲು ಮೈ ಬೆಳೆಸುತ್ತದೆ, ಮೊಟ್ಟೆಯ ಯೋಚನೆ ಎರಡು ಮೂರು ವರ್ಷದ ಮೇಲೆ. ಇಲ್ಲಿಗೆ ತಂದರೂ ಆ ಗುಣ ಬಿಟ್ಟಿಲ್ಲ. ತಿಂದದ್ದೆಲ್ಲ ಮಾಂಸವಾಗುತ್ತದೆ. ನೀನು ನೋಡಿದರೆ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತೀಯ. ಇದನ್ನು ನಾಡಿನ ಎಲ್ಲ ಕೆರೆಗೂ ಕೊಡಬೇಕು ಎಂಬುದು ನಮ್ಮ ಯೋಜನೆ.

ಈ ವರ್ಷ ನನ್ನ ಕೆಲಸ ಖಾಯಂ ಆಗುವ ಹಾಗಿದೆ. ಎಲ್ಲ ಸಾಹೇಬರ ಕೈಯಲ್ಲಿದೆ.

ನಿನ್ನ ತಮ್ಮ
ಲೋಕೇಶ್

ಮರಳವಾಡಿ
2 ಆಗಸ್ಟ್ 2006

ಲೋಕೇಶ,

ಏರಿ ಕಟ್ಟಿದರು. ಮೊದಲಿನಷ್ಟು ಅಂದವಿಲ್ಲ, ನೀರು ನಿಂತಿದೆ, ಅಷ್ಟು ಸಾಕು. ನನ್ನ ಮೀನು ತಂದುಕೊಡು.

ನಿನ್ನ ಸಾಹೇಬರಿಗೆ ಹೇಳು, ನಮ್ಮಪ್ಪ ಚೆಲುವಯ್ಯನೂ ಕುಳ್ಳನೇ. ಅವನ ತೋಳಿನ ಕೆಳಗೆ ನಿಂತು ಬೆಳೆದವನು ನೀನು. ಹಿಮದ ದೇಶದ ಆ ಸೀಮೆ ಮೀನು ನಿನಗೇ ಇರಲಿ. ನನ್ನ ಮೀನಿಗೆ ಬೇಸಿಗೆಯೂ ಗೊತ್ತು, ನಾನೂ ಗೊತ್ತು. ಈ ಕಡೆ ಫ್ಯಾಕ್ಟರಿಗಳು ಒಂದರ ಪಕ್ಕ ಒಂದು ಬೋರು ಕೊರೆಸುತ್ತಿವೆ. ಮುಂದೆ ಕಟ್ಟೆಯಲ್ಲಿ ಎಷ್ಟು ನೀರು ನಿಲ್ಲುತ್ತದೋ ಯಾರಿಗೆ ಗೊತ್ತು. ಅಂಥ ನೀರಿಗೆ ನಮ್ಮವೇ ಸರಿ.

ಗೌರಿ ಹಬ್ಬಕ್ಕೆ ಹೇಗೂ ಬಾಗಿನ ತರುತ್ತೀಯ. ಆವಾಗಲೇ ತಾ.

ಅಕ್ಕ
ಚಿನ್ನಮ್ಮ

ಮರಳವಾಡಿ
11 ಸೆಪ್ಟೆಂಬರ್ 2006

ಪ್ರೀತಿಯ ಲೋಕೇಶನಿಗೆ,

ಗೌರಿ ಹಬ್ಬದ ದಿನ ಬಾಗಿನದ ಮೊರದ ಜೊತೆ ಮೀನಿನ ಕ್ಯಾನು ತಂದ ತಮ್ಮ ಈ ಹೋಬಳಿಯಲ್ಲಿ ನೀನೊಬ್ಬನೇ ಇರಬೇಕು. ಅತ್ತೆ ಇನ್ನೂ ಅದನ್ನೇ ಆಡಿಕೊಳ್ಳುತ್ತಿದ್ದಾರೆ. ಕ್ಯಾನಿಗೆ ಅರಿಶಿನದ ದಾರ ಕಟ್ಟಿ, ಮೇಲೆ ರವಿಕೆ ಬಟ್ಟೆ ಮುಚ್ಚಿ ನನ್ನ ಕೈಗೆ ಕೊಟ್ಟೆಯಲ್ಲ, ಆವಾಗ ನನಗೆ ಅಪ್ಪನೇ ಕೊಟ್ಟ ಹಾಗಾಯಿತು. ಅದಕ್ಕೇ ಕಣ್ಣಲ್ಲಿ ನೀರು ಬಂದದ್ದು. ಹೊಗೆ ಅಂದದ್ದು ಸುಳ್ಳು.

ದೊಡ್ಡವು ದಾರಿಯಲ್ಲಿ ತಡೆಯುವುದಿಲ್ಲ, ಅದಕ್ಕೆ ಮರಿ ತಂದಿದ್ದೇನೆ ಅಂದೆ. ಸರಿ. ಬಾಗಿನ ಕೊಟ್ಟವನ ಎದುರಿಗೇ ಬಟ್ಟೆ ತೆಗೆದು ನೋಡುವುದು ಮರ್ಯಾದೆಯಲ್ಲ ಎಂದು ಹಾಗೇ ಒಯ್ದು ಕಟ್ಟೆಗೆ ಸುರಿದೆ. ಈಗ ಮೇವು ಹಾಕುವಾಗ ನೋಡುತ್ತೇನೆ, ಮರಿಗಳ ಮೈ ಒಸಿ ಉದ್ದ ಇದೆ. ನಮ್ಮವಕ್ಕೆ ಬೆನ್ನು ಗೂನು, ಬಣ್ಣ ಕಪ್ಪು. ನಿಮ್ಮಲ್ಲಿ ಚೆನ್ನಾಗಿ ತಿಂದು ಹಾಗಾಗಿವೆಯೋ ಏನೋ. ಸುಮ್ಮನೆ ಕೇಳಿದೆ.

ನಿನ್ನ ಅಕ್ಕ
ಚಿನ್ನಮ್ಮ

ದಾವಣಗೆರೆ
4 ಅಕ್ಟೋಬರ್ 2006

ಅಕ್ಕ,

ಕೆಲಸದ ಗಡಿಬಿಡಿ, ಅದಕ್ಕೆ ತಡವಾಯಿತು. ಅನುಮಾನ ಯಾಕೆ? ನಮ್ಮವೇ. ಚೆನ್ನಾಗಿ ಸಾಕು.

ನನ್ನ ಕೆಲಸ ಖಾಯಂ ಆಯಿತು.

ಲೋಕೇಶ್

ಮರಳವಾಡಿ
20 ಜುಲೈ 2007

ಲೋಕೇಶ,

ಮುಂಗಾರು ಹಿಡಿದು ಹದವಾಗಿ ಸುರಿದಿದೆ. ಹೊಸ ನೀರು ಬಂದ ದಿನವೇ ಕಟ್ಟೆಗೆ ಅಂತರಗಂಗೆ ಗಿಡ ಬಿಟ್ಟೆ. ಅಪ್ಪನ ಮೀನಾದರೆ ಇಷ್ಟರಲ್ಲಿ ಬೇರಿಗೆಲ್ಲ ಸಾಬಕ್ಕಿಯ ಹಾಗೆ ಮೊಟ್ಟೆ ಅಂಟಿರುತ್ತಿತ್ತು. ದಿನಾ ಬೆಳಿಗ್ಗೆ ಗಿಡ ಎತ್ತಿ ನೋಡುತ್ತೇನೆ. ಬೇರು ಬೋಳಾಗಿದೆ.

ಮೀನೇನೋ ಬೆಳೆದಿವೆ. ನೋಡಿದವರೆಲ್ಲ ಹೊಗಳುತ್ತಾರೆ. ನಿಮ್ಮ ಭಾವ ಕೆಲವನ್ನು ಹಿಡಿದು ಕನಕಪುರದ ಸಂತೆಗೆ ಒಯ್ದು ಬೀಗುತ್ತಾ ಬಂದರು. ನಾನು ಮೊಟ್ಟೆಯ ಮಾತೆತ್ತಿದರೆ, “ಮೊಟ್ಟೆ ಇಕ್ಕದಿದ್ರೇನಮ್ಮಿ, ತೂಕ ಬತ್ತೈತಲ್ಲ” ಅನ್ನುತ್ತಾರೆ. ನಿಮ್ಮ ಭಾವ ಮುನಿಶಾಮಯ್ಯನವರಿಗೆ ತೂಕ ಸಾಕು. ನನಗೆ ಸಾಲದು.

ಕೈಯುದ್ದ ಬೆಳೆಯುವ ಮೊದಲೇ ಬಸಿರಾಗುವುದು ನಮ್ಮ ಮೀನಿನ ರಕ್ತದಲ್ಲೇ ಇದೆ ಎಂದು ಬರೆದವನು ನೀನು. ಆ ಕಾಗದ ನನ್ನ ಹತ್ತಿರ ಇದೆ, ಬಾಯಿಪಾಠವೂ ಆಗಿದೆ. ಹಾಗಾದರೆ ಇವು ಯಾಕೆ ಬಸಿರಾಗಿಲ್ಲ? ತಿಳಿದವನು ನೀನೇ ಹೇಳು.

ಅಕ್ಕ
ಚಿನ್ನಮ್ಮ

ಮರಳವಾಡಿ
29 ಏಪ್ರಿಲ್ 2008

ಲೋಕೇಶನಿಗೆ,

ಹೋದ ವರ್ಷದ ಕಾಗದಕ್ಕೆ ನೀನು ಉತ್ತರ ಕೊಡಲಿಲ್ಲ. ಗೌರಿ ಹಬ್ಬಕ್ಕೆ ಬಾಗಿನವನ್ನು ಯಾರದೋ ಕೈಯಲ್ಲಿ ಕಳಿಸಿದೆ. ಫೋನು ಮಾಡಿದರೆ ಮೀಟಿಂಗ್ ಅಂದೆ.

ಈಗ ಕೇಳು. ಬೋರುಗಳ ದೆಸೆಯಿಂದ ಕಟ್ಟೆಯ ನೀರು ಮೊಣಕಾಲಿಗೂ ಸಾಲದಷ್ಟು ಇಳಿಯಿತು. ಮಧ್ಯಾಹ್ನ ಕೈ ಅದ್ದಿದರೆ ಸ್ನಾನದ ನೀರಿನಷ್ಟು ಬಿಸಿ. ಸೋಮವಾರ ಬೆಳಿಗ್ಗೆ ಹೋಗಿ ನೋಡಿದರೆ ಅಷ್ಟೂ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಬಿಂದಿಗೆಯಲ್ಲಿ ತಣ್ಣೀರು ಹೊತ್ತು ಹೊತ್ತು ಸುರಿದೆ. ಸಂಜೆಗೆ ಎಲ್ಲ ಹೊಟ್ಟೆ ಮೇಲಾಗಿ ತೇಲಿದವು. ಇಂಥದೇ ಬೇಸಿಗೆಯನ್ನು ಅಪ್ಪನ ಮೀನು ಎಷ್ಟು ಸಲ ಕಂಡಿವೆ. ಕೆಸರಿಗೆ ಮುಖ ಹುದುಗಿಸಿ ಮಳೆ ಬರುವ ತನಕ ಇರುತ್ತಿದ್ದವು.

ಸತ್ತ ಒಂದನ್ನು ಕೊಯ್ದು ನೋಡಿದೆ. ಒಳಗೆ ಮೊಟ್ಟೆಯ ಸುಳಿವೇ ಇಲ್ಲ. ಅತ್ತೆಗೆ ಈಗ ಕಣ್ಣು ಮಂಜು, ಮೀನನ್ನು ಕೈಯಲ್ಲಿ ಸವರಿ, “ಇದು ನಿಮ್ಮಪ್ಪನ ಮೀನಲ್ಲ ಕಣವ್ವ” ಅಂದರು. ಸಾರಿಗೂ ಕೇಳಲಿಲ್ಲ.

ನೇರವಾಗಿ ಕೇಳುತ್ತೇನೆ. ನನಗೆ ಬಾಗಿನ ಅಂತ ಏನು ಕೊಟ್ಟೆ? ನನ್ನ ಮೀನು ಎಲ್ಲಿ?

ಚಿನ್ನಮ್ಮ

ದಾವಣಗೆರೆ
24 ಮೇ 2008

ಅಕ್ಕನಿಗೆ,

ನೀನು ಬರೆದ ರೀತಿ ನೋಡಿ ಬೇಸರವಾಯಿತು. ನಾನೇನು ನಿನಗೆ ಕೆಟ್ಟದ್ದು ಕೊಟ್ಟೆನಾ? ಜನ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಮರಿಯನ್ನು ನಿನಗೆ ಮೊದಲು ತಂದುಕೊಟ್ಟೆ. ನಿಮ್ಮ ಕಟ್ಟೆಯ ನೀರು ಇಳಿದರೆ ತಪ್ಪು ತಳಿಯದಲ್ಲ.

ನಿನ್ನ ಮೀನಿನ ವಿಷಯ. ಹಿಮದ ದೇಶದ ಗೆಂಡೆಯ ಮರಿ ಹೆಚ್ಚಾಗಿ ನಮಗೆ ಕೊಳ ಸಾಲದೆ ಬಂತು. ಎರಡು ತಳಿ ಅಕ್ಕಪಕ್ಕ ಇದ್ದರೆ ಬೆರೆಯುತ್ತವೆ, ಕುಳ್ಳ ಗೆಂಡೆಯನ್ನು ತೆಗೆಸಿ ಎಂದು ಸಾಹೇಬರು ಹೇಳಿದರು. ಆ ತಿಂಗಳೇ ನನ್ನ ಖಾಯಂ ಆರ್ಡರು ಅವರ ಮೇಜಿನ ಮೇಲಿತ್ತು. ಇವು ನನ್ನ ಅಕ್ಕನವು ಎಂದು ಯಾವ ಬಾಯಲ್ಲಿ ಹೇಳಲಿ? ಕೊಳ ಖಾಲಿ ಮಾಡಿಸಿದೆ. ಮಣ್ಣುಪಾಲು ಮಾಡಲಿಲ್ಲ. ಅವತ್ತು ಕೇಂದ್ರದಲ್ಲಿ ಎಲ್ಲರಿಗೂ ಊಟ ಆಯಿತು, ಚಿಕ್ಕದಾದರೂ ಇಷ್ಟು ರುಚಿಯ ಮೀನು ತಿಂದಿಲ್ಲ ಎಂದು ಎಲ್ಲರೂ ಹೊಗಳಿದರು. ಬೇಕಾದರೆ ಅದಕ್ಕೆ ಸಮಾಧಾನ ಪಡು.

ಇನ್ನು ಸುಳ್ಳು ಹೇಳಿದೆ ಅನ್ನಬೇಡ. ‘ನಮ್ಮವೇ’ ಎಂದು ಬರೆದಿದ್ದೆ. ನಮ್ಮ ಕೇಂದ್ರದವು, ನಮ್ಮವೇ. ನೀನು ಬೇರೆ ಅರ್ಥ ಮಾಡಿಕೊಂಡರೆ ನಾನೇನು ಮಾಡಲಿ. ನಿನ್ನ ಮನಸ್ಸು ನೋಯಬಾರದು ಅಂತಲೇ ಹಾಗೆ ಬರೆದದ್ದು.

ಮೀನಿಗೋಸ್ಕರ ತಮ್ಮನನ್ನು ದೂರ ಮಾಡಬೇಡ.

ಲೋಕೇಶ್

ರಾಮನಗರ
15 ಡಿಸೆಂಬರ್ 2008

ಚಿನ್ನಮ್ಮ ಆಂಟಿಗೆ,

ನಾನು ಅಸ್ರಾ, ಖತೀಜಾ ಅವರ ಮಗಳು. ಅಮ್ಮಿಗೆ ಕನ್ನಡ ಬರೆಯಲು ಬರುವುದಿಲ್ಲ, ಅವರು ಹೇಳುತ್ತಿದ್ದಾರೆ, ನಾನು ಬರೆಯುತ್ತಿದ್ದೇನೆ. ಗೂಡು ಬಿಟ್ಟ ಮೇಲೆ ನಮ್ಮನ್ನೂ ಬಿಟ್ಟಿರಿ ಎಂದು ಅಮ್ಮಿಗೆ ಕೋಪ. ಅದನ್ನು ಮೊದಲು ಬರೆ ಅಂದರು.

ವಿಷಯ ಏನೆಂದರೆ, ನೀವು ಕೊನೆಯ ಸಲ ಗೂಡು ತಂದಾಗ ನಮ್ಮ ತೊಟ್ಟಿಯಲ್ಲಿ ಸೊಳ್ಳೆ ಹುಳು ಜಾಸ್ತಿ ಎಂದು ಚೊಂಬಿನಲ್ಲಿ ಒಂದಿಷ್ಟು ಮೀನುಮರಿ ತಂದು ಬಿಟ್ಟಿದ್ದಿರಿ. ಗೂಡು ಬೇಯಿಸುವ ಒಲೆಯ ಪಕ್ಕದ ತೊಟ್ಟಿ, ಯಾವಾಗಲೂ ಬೆಚ್ಚಗಿರುತ್ತದೆ, ಇಲ್ಲಿ ಬದುಕುವುದಿಲ್ಲ ಎಂದು ಅಬ್ಬಾ ನಕ್ಕಿದ್ದರು. ಅವು ಬದುಕಿವೆ. ನೀರಿನಲ್ಲಿ ನೆನೆಹಾಕಿದ ಗೋಣಿಚೀಲದ ಮೇಲೆ ಮೊಟ್ಟೆ ಇಡುತ್ತವೆ. ಕಪ್ಪಗೆ, ಬೆನ್ನು ಗೂನಾಗಿ, ತುಂಬಾ ಆಗಿವೆ. ಕೆಲಸದವರು ಬಿಸಾಡುವ ಹುಳು ತಿಂದುಕೊಂಡು ಇವೆ.

ಅಬ್ಬಾ ಬಿಚ್ಚಾಣಿಕೆ ನಿಲ್ಲಿಸುತ್ತಿದ್ದಾರೆ. ನೂಲಿಗೆ ಬೇಡಿಕೆ ಇಲ್ಲ. ನಾವು ಚನ್ನಪಟ್ಟಣಕ್ಕೆ ಹೋಗುತ್ತೇವೆ, ಅಲ್ಲಿ ಸನಾವುಲ್ಲಾ ಚಾಚಾ ಅವರದು ಬೊಂಬೆ ಕೆಲಸ. ಈ ತೊಟ್ಟಿ ಒಡೆಸುತ್ತಾರೆ. ಅಮ್ಮಿ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ: “ಚಿನ್ನಮ್ಮಕ್ಕ, ನಿಮ್ದು ಅಮಾನತ್ತು ನಮ್ಮತ್ರ ಐತೆ. ಬಂದು ತಗೊಂಡೋಗಿ.” ಅಮಾನತ್ತು ಅಂದರೆ ನಂಬಿ ಇಟ್ಟ ವಸ್ತು.

ಅಸ್ರಾ

ದಾವಣಗೆರೆ
16 ಫೆಬ್ರವರಿ 2009

ಪೂಜ್ಯ ಅಕ್ಕನಿಗೆ,

ನೀನು ಒಂದು ಸಾಲೂ ಬರೆಯದೆ ಇಷ್ಟು ದಿನ ಆಯಿತು. ಆದರೂ ನಾನೇ ಬರೆಯುತ್ತಿದ್ದೇನೆ.

ಹೋದ ಬೇಸಿಗೆಯಲ್ಲಿ ನಿನ್ನ ಕಟ್ಟೆಯಲ್ಲಿ ಆದದ್ದು ಇನ್ನೂ ಎಷ್ಟೋ ಸಣ್ಣ ಕೆರೆಗಳಲ್ಲಿ ಆಗಿದೆ. ಆಳ ಇಲ್ಲದ ಬಿಸಿ ನೀರಿಗೆ ಹಿಮದ ದೇಶದ ಗೆಂಡೆ ತಡೆಯುತ್ತಿಲ್ಲ. ಬಿಸಿ ತಡೆಯುವ ಹಳೆಯ ತಳಿ ಹುಡುಕಿ, ಅದರ ಗುಣವನ್ನು ದೊಡ್ಡ ಗೆಂಡೆಗೆ ತರಬೇಕು ಎಂದು ಈಗ ಹೊಸ ಯೋಜನೆ ಬಂದಿದೆ. ಅದನ್ನು ನನಗೇ ವಹಿಸಿದ್ದಾರೆ. ಎಲ್ಲಿ ಹೋದರೂ ಬೆರಕೆಯೇ ಸಿಗುತ್ತಿದೆ. ಅಪ್ಪನ ಮೀನಿನಂಥದು ಇಲ್ಲ.

ಕೆಸರಿನಲ್ಲೋ, ಪಕ್ಕದವರ ಬಾವಿಯಲ್ಲೋ, ನೀನು ಯಾರಿಗಾದರೂ ಕೊಟ್ಟದ್ದರಲ್ಲೋ, ಎಲ್ಲಾದರೂ ಒಂದೆರಡು ಉಳಿದಿವೆಯಾ? ನಿನಗೇ ಗೊತ್ತಿರಬೇಕು. ಸಿಕ್ಕರೆ ಆ ತಳಿಗೆ ಅಪ್ಪನ ಹೆಸರನ್ನೇ ಇಡಿಸುತ್ತೇನೆ. ‘ಚೆಲುವ ಗೆಂಡೆ’. ನಾಡಿನ ಕೆರೆಗಳಲ್ಲೆಲ್ಲ ಅಪ್ಪನ ಹೆಸರು ಓಡಾಡುತ್ತದೆ. ನೀನು ಒಂದು ಮಾತು ಬರೆದರೆ ನಾನೇ ಜೀಪು ತಗೊಂಡು ಬರುತ್ತೇನೆ.

ನಿನ್ನ ತಮ್ಮ
ಲೋಕೇಶ್

ಮರಳವಾಡಿ
5 ಮಾರ್ಚ್ 2009

ಖತೀಜಾಗೆ ಚಿನ್ನಮ್ಮ ಬರೆಯುವುದು. ಅಸ್ರಾ, ಇದನ್ನು ಅಮ್ಮಿಗೆ ನಿಧಾನವಾಗಿ ಓದಿ ಹೇಳವ್ವ.

ಹೋದ ತಿಂಗಳು ನಿಮ್ಮ ತೊಟ್ಟಿಯ ಮುಂದೆ ಕೂತು ನಾನು ಅತ್ತದ್ದನ್ನು ಅಸ್ರಾಳ ಅಬ್ಬಾ ಗಫಾರ್ ಭಾಯಿ ನೋಡಿದರು, ನಾಚಿಕೆಯಾಯಿತು. ಗೋಣಿ ಎತ್ತಿ ಆ ಮೊಟ್ಟೆ ನೋಡಿದಾಗ ತಡೆಯಲಾಗಲಿಲ್ಲ. ನಮ್ಮ ಕಟ್ಟೆಗೆ ಮಳೆ ನೀರು ಬಂದ ಮೇಲೆ ಒಯ್ಯುತ್ತೇನೆ, ಅಲ್ಲಿ ತನಕ ಚನ್ನಪಟ್ಟಣದಲ್ಲಿ ಸನಾವುಲ್ಲಾ ಅವರ ಬಾವಿಯಲ್ಲಿ ಇರಲಿ ಎಂದು ಮಾತಾಗಿತ್ತು. ಈಗ ಆ ಮಾತು ಬದಲಾಯಿಸುತ್ತಿದ್ದೇನೆ. ನಾನು ಒಯ್ಯುವುದಿಲ್ಲ.

ನನ್ನ ತಮ್ಮ ಕಾಗದ ಬರೆದಿದ್ದಾನೆ. ಆ ಮೀನು ಈಗ ಅವನಿಗೆ ಬೇಕಂತೆ. ಅಪ್ಪನ ಹೆಸರು ಇಡುತ್ತಾನಂತೆ. ಹೊಟ್ಟೆ ಉರಿಯುತ್ತದೆ ಖತೀಜಾ. ಮೀನು ತಿಂದದ್ದನ್ನು ಹೇಗೋ ನುಂಗಿಕೊಂಡೇನು. ಅರಿಶಿನದ ದಾರ ಕಟ್ಟಿ, ಬಾಗಿನ ಎಂದು ಹೇಳಿ ಸುಳ್ಳನ್ನು ನನ್ನ ಕೈಗಿತ್ತನಲ್ಲ, ಅದು ಇಳಿಯುತ್ತಿಲ್ಲ. ಕೆಲಸ ಹೋಗುತ್ತದೆ ಅಂತ ಹೆದರಿದೆ ಅಕ್ಕ ಎಂದು ಅವತ್ತೇ ಬಂದು ಹೇಳಿದ್ದರೆ ನಾನೇ ಅವನ ತಲೆ ಸವರಿ ಅನ್ನ ಹಾಕುತ್ತಿದ್ದೆ.

ಮೀನು ನನ್ನ ಕಟ್ಟೆಗೆ ಬಂದರೆ ನನ್ನವಾಗುತ್ತವೆ. ನನ್ನವಾದರೆ ಅವನವೂ ಆಗುತ್ತವೆ. ಜೀಪು ತಂದು ಮುಂದೆ ನಿಂತು ‘ಅಕ್ಕ’ ಅಂದರೆ ನಾನು ಕೊಟ್ಟುಬಿಡುತ್ತೇನೆ, ನನ್ನ ಗುಣ ನನಗೆ ಗೊತ್ತು. ಆದ್ದರಿಂದ ಅವು ಇನ್ನು ಅಮಾನತ್ತು ಅಲ್ಲ. ಇವತ್ತಿನಿಂದ ನಿನ್ನವು. ಅಪ್ಪ ನನಗೆ ಕೊಟ್ಟ ಹಾಗೆಯೇ ನಾನು ನಿನಗೆ ಕೊಟ್ಟೆ. ನಾಳೆ ಅಸ್ರಾ ಮದುವೆಯಾಗಿ ಹೋಗುವಾಗ ಅವಳ ಮಡಿಲಲ್ಲೂ ಒಂದು ಕೊಡ ಇಡು. ಬಸ್ಸಿನಲ್ಲಿ ತುಳುಕುತ್ತದೆ, ಹಳೇ ಸೀರೆ ಉಡಿಸು.

ನಾನು ಚನ್ನಪಟ್ಟಣಕ್ಕೆ ಬಂದಾಗ ಬಾವಿಯ ಹತ್ತಿರ ನನ್ನನ್ನು ಕರೆಯಬೇಡ. ಟೀ ಕೊಡು, ಸಾಕು.

ಚಿನ್ನಮ್ಮ

ಮರಳವಾಡಿ
5 ಮಾರ್ಚ್ 2009

ಲೋಕೇಶನಿಗೆ,

ನಿನ್ನ ಕಾಗದ ಬಂತು. ಅಪ್ಪನ ಮೀನು ಎಲ್ಲಾದರೂ ಉಳಿದಿವೆಯಾ ಎಂದು ಕೇಳಿದ್ದೀಯ.

ನಮ್ಮವು ಯಾವುವೂ ಇಲ್ಲ. ಬೇಕಾದರೆ ದೇವರ ಮುಂದೆ ನಿಂತು ಇದೇ ಮಾತು ಹೇಳುತ್ತೇನೆ. ನೀನು ಹೇಗೆ ಅರ್ಥ ಮಾಡಿಕೊಳ್ಳುತ್ತೀಯೋ ಮಾಡಿಕೊ.

ಅಪ್ಪನ ಹೆಸರನ್ನು ಮೀನಿಗೆ ಇಡುವುದು ಬೇಡ. ನಿನ್ನ ಹೆಸರಿನ ಮುಂದೆ ಒಂದಕ್ಷರವಾಗಿ ಇದೆಯಲ್ಲ, ಅದನ್ನು ನೋಡಿಕೊ.

ಗೌರಿ ಹಬ್ಬಕ್ಕೆ ಬಾ. ಒಡಹುಟ್ಟಿದವನು ಬದುಕಿರುವಾಗ ಬಾಗಿನ ಬೇಡ ಅನ್ನಲು ನನ್ನಿಂದಾಗದು, ತಗೊಳ್ಳುತ್ತೇನೆ. ಮೀನು ತರಬೇಡ. ಮಾಮೂಲಿ ಮೊರವನ್ನೇ ತಾ. ಈ ಸಲ ಮೇಲೆ ಮುಚ್ಚಿದ ಮೊರ ಎತ್ತಿ, ಒಳಗೆ ಏನಿದೆ ಎಂದು ನಿನ್ನ ಎದುರಿಗೇ ನೋಡಿ ತಗೊಳ್ಳುತ್ತೇನೆ.

ಚಿನ್ನಮ್ಮ